ಹೊಲ, ಗೋದಾಮು ಮತ್ತು ಮತಪಟ್ಟಿ

ಕಾಶಿಯಾತ್ರೆಗೆಂದು ಊರಿನಿಂದ ಬಂದ ಹಿರಿಯರೊಬ್ಬರನ್ನು ಎದುರುಗೊಳ್ಳಲು ಈಚೆಗೆ ಮೋಹನ್‌ಸರಾಯ್‌ವರೆಗೆ ಹೋಗಿದ್ದೆ. ಪ್ರಯಾಗದ ಕಡೆಯಿಂದ ಬರುವ ಹೆದ್ದಾರಿ ವಾರಾಣಸಿಯನ್ನು ಮುಟ್ಟುವ ಜಾಗ ಅದು. ರಸ್ತೆಯ ಬದಿಗೆ ಸಾಲಾಗಿ ನಿಂತ ಲಾರಿಗಳನ್ನೂ ಅವುಗಳ ಹಿಂದಿನ ಹೊಲಗಳನ್ನೂ ನೋಡಿ ಆ ಹಿರಿಯರು, “ಏನಪ್ಪಾ, ಇಲ್ಲೂ ನಮ್ಮ ಹೊಸಕೋಟೆ ಕಥೆಯೇನೋ?” ಎಂದರು. ಆ ಪ್ರಶ್ನೆಯೇ ಈ ಸಂಚಿಕೆಯ ಸಂಪಾದಕೀಯಕ್ಕೆ ಕಾರಣ.

ಮೋಹನ್‌ಸರಾಯ್ ಬಳಿ ಲಾರಿ ನಿಲ್ದಾಣ, ಗೋದಾಮುಗಳನ್ನೊಳಗೊಂಡ ‘ಟ್ರಾನ್ಸ್‌ಪೋರ್ಟ್ ನಗರ’ವನ್ನು ಕಟ್ಟುವ ವಾರಾಣಸಿ ಅಭಿವೃದ್ಧಿ ಪ್ರಾಧಿಕಾರದ ಯೋಜನೆಗೆ ಎರಡು ದಶಕಗಳಿಗೂ ಮೀರಿದ ವಯಸ್ಸಾಗಿದೆ. ಬೈರವನ್ ಮೊದಲಾದ ನಾಲ್ಕು ಹಳ್ಳಿಗಳ ಭೂಮಿಯನ್ನು 1894ರ ಹಳೆಯ ಕಾಯಿದೆಯಡಿ ಸ್ವಾಧೀನಪಡಿಸಿಕೊಳ್ಳಲು ಹೊರಟಿದ್ದರು. ಕೆಲವರು ಪರಿಹಾರ ಪಡೆದರು, ಹಲವರು ಒಲ್ಲೆನೆಂದು ಉಳುಮೆಯನ್ನು ಮುಂದುವರಿಸಿದರು. 2023ರ ಮೇ 4ರಂದು ವಾರಾಣಸಿ ನಗರಪಾಲಿಕೆಗೆ ಮತದಾನ ನಡೆಯಿತು, 13ರಂದು ಎಣಿಕೆ ಮುಗಿಯಿತು. ಅದೇ ತಿಂಗಳಲ್ಲಿ ಭೂಮಿಯ ವಶಕ್ಕೆಂದು ಬೈರವನ್‌ಗೆ ಬಂದ ಪೊಲೀಸರಿಗೂ ರೈತರಿಗೂ ಘರ್ಷಣೆಯಾಗಿ ಲಾಠಿ ಬೀಸಲಾಯಿತು.

ಗೋದಾಮೇ ಬೇಡವೆಂದು ವಾದಿಸುವವನು ನಾನಲ್ಲ. ಗಲ್ಲಿಗಳ ಈ ಊರಿನಲ್ಲಿ ಲಾರಿಗಳು ಎಲ್ಲಿ ನಿಲ್ಲಬೇಕು ಎಂಬುದು ನಿಜವಾದ ಪ್ರಶ್ನೆ. ಆಲೂಗಡ್ಡೆ ಬೆಳೆದ ರೈತನಿಗೂ ಶೀತಲಗೃಹ ಬೇಕು. ನನ್ನ ಪ್ರಶ್ನೆ ಬೇರೆ: ಎಲ್ಲಿ, ಎಷ್ಟು, ಯಾವ ಬೆಲೆಗೆ ಎಂಬುದನ್ನು ತೀರ್ಮಾನಿಸುವಾಗ ಯಾರನ್ನು ಕೇಳಬೇಕು?

ಹಳೆಯ ಕಾಯಿದೆ ಆಕ್ಷೇಪಣೆಯನ್ನು ಕೇಳುತ್ತಿತ್ತೇ ಹೊರತು ಒಪ್ಪಿಗೆಯನ್ನು ಕೇಳುತ್ತಿರಲಿಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಕಾಯಿದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ವಿಧಿಸಿ, ಆ ಹಂತದಲ್ಲಿ ಪಂಚಾಯಿತಿ ಅಥವಾ ನಗರಸಭೆಯೊಡನೆ ಸಮಾಲೋಚನೆ ನಡೆಯಬೇಕೆಂದಿತು. ಖಾಸಗಿ ಕಂಪನಿಗಾದರೆ ಬಾಧಿತ ಕುಟುಂಬಗಳಲ್ಲಿ ನೂರಕ್ಕೆ 80ರಷ್ಟು, ಸರ್ಕಾರ ಮತ್ತು ಖಾಸಗಿ ಪಾಲುಗಾರಿಕೆಯಾದರೆ ನೂರಕ್ಕೆ 70ರಷ್ಟು ಒಪ್ಪಿಗೆ ಬೇಕೆಂದಿತು. ಹಳೆಯ ಸ್ವಾಧೀನಗಳು ಈ ಕಾಯಿದೆಯಿಂದ ರದ್ದಾಗುವುದೆಂಬ ಆಸೆಯನ್ನು 2020ರ ಮಾರ್ಚ್ 6ರ ಸುಪ್ರೀಂ ಕೋರ್ಟ್ ತೀರ್ಪು ಬಹುಮಟ್ಟಿಗೆ ಕುಗ್ಗಿಸಿತು. ಭೂಮಿಯ ವಶವೂ ಆಗಿರಬಾರದು, ಪರಿಹಾರವೂ ಸಂದಿರಬಾರದು, ಎರಡೂ ಸೇರಿದರೆ ಮಾತ್ರ ಸ್ವಾಧೀನ ಬಿದ್ದುಹೋಗುತ್ತದೆ ಎಂದಿತು.

ಈ ಕಾಯಿದೆಯಲ್ಲಿ ನಮ್ಮ ಜನ ಹೆಚ್ಚಾಗಿ ಗಮನಿಸದ ಒಂದು ಲೆಕ್ಕವಿದೆ. ಗ್ರಾಮೀಣ ಭೂಮಿಗೆ ಮಾರುಕಟ್ಟೆ ದರದ ನಾಲ್ಕು ಪಟ್ಟಿನವರೆಗೆ ಪರಿಹಾರ ಸಿಗಬಹುದು, ನಗರದ ಭೂಮಿಗೆ ಎರಡೇ ಪಟ್ಟು. ಹಳ್ಳಿಯೊಂದು ನಗರದ ಎಲ್ಲೆಯೊಳಗೆ ಸೇರಿದ ದಿನ ಅದರ ಹೊಲ ಹೊಲವಾಗಿಯೇ ಇರುತ್ತದೆ, ಆದರೆ ಲೆಕ್ಕ ಬದಲಾಗುತ್ತದೆ. ಅಂದೇ ಅದರ ಗ್ರಾಮ ಪಂಚಾಯಿತಿಯೂ ಗ್ರಾಮಸಭೆಯೂ ಇಲ್ಲವಾಗುತ್ತವೆ, ಹಳ್ಳಿಯ ಮಾತು ದೊಡ್ಡ ವಾರ್ಡೊಂದರ ಮೂಲೆಯ ಮಾತಾಗುತ್ತದೆ. ಹತ್ತಾರು ಹಳ್ಳಿಗಳನ್ನು ಸೇರಿಸಿಕೊಂಡು ವಾರಾಣಸಿಯ ವಾರ್ಡುಗಳು 90ರಿಂದ 100ಕ್ಕೆ ಏರಿದ್ದು ಅದೇ 2023ರ ಚುನಾವಣೆಗೆ ಮುನ್ನ. ಕ್ಷೇತ್ರದ ಗೆರೆ ಎಳೆಯುವುದು ಕಚೇರಿಯ ಒಣ ಕೆಲಸವೆಂದು ನಾವು ತಿಳಿದಿದ್ದೇವೆ. ಆದರೆ ಹೊಲದ ಬದುವಿನಷ್ಟೇ ಮುಖ್ಯವಾದ ಗೆರೆ ಅದು. ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವುದಕ್ಕೂ ಸಂವಿಧಾನ ಮಿತಿ ಹಾಕಿದೆ.

ಉತ್ತರಪ್ರದೇಶದ ಬಗ್ಗೆ ಇಷ್ಟು ಹೇಳಿ ತಾಯ್ನಾಡಿನ ಬಗ್ಗೆ ಸುಮ್ಮನಿರುವುದು ನ್ಯಾಯವಲ್ಲ. ಐದು ವರ್ಷ ಮುಗಿಯುವ ಮೊದಲೇ ಪಂಚಾಯಿತಿಗಳಿಗೆ ಚುನಾವಣೆ ನಡೆಯಬೇಕೆಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಕರ್ನಾಟಕದ ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ತೀರಿತು. ಅದೇ ವರ್ಷ ಕಾಯಿದೆ ತಿದ್ದಿ, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಸರ್ಕಾರ ನೇಮಿಸುವ ಆಯೋಗಕ್ಕೆ ಒಪ್ಪಿಸಲಾಯಿತು. ನಾಲ್ಕು ವರ್ಷ ಕಳೆದರೂ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳೇ ಆ ಕುರ್ಚಿಗಳಲ್ಲಿ ಕುಳಿತರು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆಯ ಸ್ವಾಧೀನವನ್ನು ವಿರೋಧಿಸಿ ಧರಣಿ ಕುಳಿತದ್ದು ಈ ಕಾಲದಲ್ಲಿಯೇ. 2022ರ ಏಪ್ರಿಲ್‌ನಲ್ಲಿ ಆರಂಭವಾದ ಆ ಧರಣಿಗೆ ಮಣಿದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟೆವೆಂದು ಘೋಷಿಸಿದ್ದು 2025ರ ಜುಲೈ 15ರಂದು. ಗೆದ್ದರು, ಸಂತೋಷ. ಆದರೆ ತನ್ನ ಮಾತು ಕೇಳಿಸಲು ರೈತನೊಬ್ಬ ಮೂರು ವರ್ಷ ಬೀದಿಯಲ್ಲಿ ಕೂರಬೇಕಾದರೆ ನಮ್ಮ ಪಂಚಾಯತ್ ರಾಜ್ಯಕ್ಕೆ ಅರ್ಥವೇನು?

ಇನ್ನು ನಮ್ಮದೇ ಪಾಲಿನ ಮಾತು. ಊರಿನಲ್ಲಿ ನಮಗೆ ಮೂರು ಎಕರೆ ಜಂಟಿ ಜಮೀನಿದೆ. ಉಳುವವನು ಚಿಕ್ಕಪ್ಪನ ಮಗ. ಹೋದ ವರ್ಷ ದಲ್ಲಾಳಿಯೊಬ್ಬ ಗೋದಾಮಿಗೆಂದು ಬೆಲೆ ಹೇಳಿದ. ರಾಗಿ ಬೆಳೆದು ಏಳು ಜನ್ಮಕ್ಕೂ ಕಾಣದಷ್ಟು ಹಣ. ತಮ್ಮನಿಗೆ ಫೋನು ಮಾಡಿದೆ. “ಸಹಿ ಹಾಕೋದು ನಿಮ್ಮಿಷ್ಟ ಅಣ್ಣಾ. ಆದರೆ ನಾಳೆ ಲಾರಿ ಓಡಾಡೋ ದಾರೀಲಿ ದನ ಹೊಡಕೊಂಡು ಹೋಗೋನು ನಾನು” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು. ಆ ಕಾಗದ ಇನ್ನೂ ಸಹಿಯಿಲ್ಲದೆ ನನ್ನ ಮೇಜಿನ ಖಾನೆಯಲ್ಲಿದೆ. ನಾಳೆಯೂ ಹಾಗೇ ಇರುತ್ತದೆಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ.

ಹೊರನಾಡ ಕನ್ನಡಿಗರ ವಿಚಿತ್ರ ಸ್ಥಿತಿ ಇದು. ಊರಿನ ಪಹಣಿಯಲ್ಲಿ ನಮ್ಮ ಹೆಸರಿದೆ, ಊರಿನ ಮತಪಟ್ಟಿಯಲ್ಲಿಲ್ಲ. ಇಲ್ಲಿನ ಮತಪಟ್ಟಿಯಲ್ಲಿ ಹೆಸರಿದೆ, ಇಲ್ಲಿ ಗೇಣು ಹೊಲವಿಲ್ಲ. ಎರಡೂ ಕಡೆ ಪರಿಣಾಮ ಅನುಭವಿಸುವವರು ಬೇರೆಯವರು. 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳುವಂತಾದ ಮೇಲೆ ದೂರದಲ್ಲಿರುವ ನಮ್ಮ ಸಹಿಗೆ ಬೆಲೆಯೂ ಹೆಚ್ಚಿತು, ಹೊಣೆಯೂ ಹೆಚ್ಚಿತು.

ಆದ್ದರಿಂದ ಸಂಘದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಜಮೀನಿನ ಕಾಗದಕ್ಕೆ ಸಹಿ ಹಾಕುವ ಮುನ್ನ ಅದನ್ನು ಉಳುವವರೊಡನೆ ಕುಳಿತು ಮಾತಾಡಿ. ನಿಮ್ಮ ಹಳ್ಳಿಯನ್ನು ಪಟ್ಟಣಕ್ಕೆ ಸೇರಿಸುವ ಕರಡು ಅಧಿಸೂಚನೆ ಹೊರಟಿದೆಯೇ ಎಂದು ವಿಚಾರಿಸಿ, ಹೊರಟಿದ್ದರೆ ಆಕ್ಷೇಪಣೆಯ ಗಡುವಿನೊಳಗೆ ಊರವರಿಗೆ ತಿಳಿಸಿ, ಅರ್ಜಿ ಬರೆದುಕೊಡಿ. ಓದು ಬರಹ ಬಲ್ಲ ನಮ್ಮಿಂದ ಆಗಬಹುದಾದ ಸೇವೆ ಅದು. ಇಲ್ಲಿ ಮತ ಕೇಳಲು ಬರುವವರನ್ನು ಬೈರವನ್‌ನ ಬಗ್ಗೆಯೂ ಒಂದು ಮಾತು ಕೇಳಿ. ಈ ಊರಿನ ಗಾಳಿ, ನೀರು, ಅನ್ನ ನಮ್ಮನ್ನು ಸಾಕಿವೆ. ಸುತ್ತಲಿನ ಹಳ್ಳಿಗಳ ಹೂವು ವಿಶ್ವನಾಥನಿಗೆ, ತರಕಾರಿ ನಮ್ಮ ಅಡುಗೆಮನೆಗೆ ಬರುತ್ತದೆ. ಆ ಋಣ ಹೊರನಾಡಿನವರೆಂಬ ನೆವದಿಂದ ತೀರುವುದಿಲ್ಲ.

— ಸಂಪಾದಕ