ನೂರೆಂಟು ಪೌಂಡಿಗೆ ನಾಲ್ಕು ಸಾವಿರದ ದಂಡ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಅಂಗವೈಕಲ್ಯವೋ ದೀರ್ಘ ಕಾಯಿಲೆಯೋ ಇರುವ ಒಬ್ಬರನ್ನು ವಾರಕ್ಕೆ 35 ಗಂಟೆಯಾದರೂ ನೋಡಿಕೊಳ್ಳುವವರಿಗೆ ಸರ್ಕಾರ ‘ಕೇರರ್ಸ್ ಅಲವೆನ್ಸ್’ ಎಂಬ ಭತ್ಯೆ ಕೊಡುತ್ತದೆ. 2025–26ರ ದರ ವಾರಕ್ಕೆ 83.30 ಪೌಂಡ್, ಗಂಟೆಗೆ ಹಂಚಿದರೆ ಎರಡೂವರೆ ಪೌಂಡೂ ಬೀಳದು. ಭತ್ಯೆ ಪಡೆಯುವವರು ದುಡಿಯಬಹುದು. ಆದರೆ ತೆರಿಗೆ, ವಿಮಾ ವಂತಿಗೆ ಕಳೆದು ಉಳಿಯುವ ಗಳಿಕೆ ಒಂದು ಮಿತಿ ದಾಟಬಾರದು; 2025–26ರಲ್ಲಿ ಅದು ವಾರಕ್ಕೆ 196 ಪೌಂಡ್. ದಾಟಿದ್ದು ಒಂದೇ ಪೌಂಡ್ ಆದರೂ ಭತ್ಯೆ ಪೂರ್ತಿ ಹೋಗುತ್ತದೆ. ಈ ನಿಯಮದ ಬಗ್ಗೆ ಅಲ್ಲಿ ನಡೆದಿರುವ ಚರ್ಚೆಯೆಲ್ಲ ಹೆಚ್ಚಾಗಿ ಸಂಬಳದಾರರನ್ನು ಕುರಿತದ್ದು. ಸ್ವಂತ ಕಸುಬಿನವರಿಗೆ ಇದರ ಪೆಟ್ಟು ಇನ್ನೂ ಜೋರು, ಮತ್ತು ಮಿತಿಯನ್ನು ಏರಿಸುತ್ತ ಹೋಗುವುದು ಅದಕ್ಕೆ ಮದ್ದಲ್ಲ ಎಂಬುದು ನನ್ನ ವಾದ.

ಸಂಬಳದಾರರು ಒಂದು ವಾರ ಹೆಚ್ಚು ದುಡಿದರೆ ಸಾಮಾನ್ಯವಾಗಿ ಆ ವಾರದ ಭತ್ಯೆ ಕಳೆದುಕೊಳ್ಳುತ್ತಾರೆ. ಬಟ್ಟೆ ಹೊಲಿಯುವವರು, ಅನುವಾದಕರು, ಟ್ಯಾಕ್ಸಿ ಓಡಿಸುವವರ ಗಳಿಕೆ ವಾರದ ಅಳತೆಗೆ ಸಿಗುವಂಥದ್ದಲ್ಲ. ಹೀಗಾಗಿ ಖರ್ಚು ಕಳೆದ ಲಾಭವನ್ನು ಸಾಮಾನ್ಯವಾಗಿ ಇಡೀ ವರ್ಷಕ್ಕೆ ಹರಡಿ ಸರಾಸರಿ ತೆಗೆಯುತ್ತಾರೆ. ಮೇಲ್ನೋಟಕ್ಕೆ ಇದು ಉದಾರ ಕ್ರಮವೇ: ಮದುವೆ ಕಾಲದ ಭರಾಟೆಯನ್ನು ಖಾಲಿ ತಿಂಗಳುಗಳು ಸರಿದೂಗಿಸುತ್ತವೆ. ಆದರೆ ಇದೇ ಸರಾಸರಿ ಅಪಾಯವನ್ನು ಹಿಗ್ಗಿಸುತ್ತದೆ ಕೂಡ. ವಾರಕ್ಕೆ 196 ಎಂದರೆ ವರ್ಷಕ್ಕೆ 10,192 ಪೌಂಡ್. ದರ್ಜಿಯೊಬ್ಬರ ನಿವ್ವಳ ಲಾಭ 10,300 ಆಯಿತೆನ್ನಿ. ಸರಾಸರಿ ವಾರಕ್ಕೆ 198 ಬರುತ್ತದೆ. ಆಗ ಕೈಬಿಡುವುದು ಒಂದು ವಾರದ ಭತ್ಯೆಯಲ್ಲ, 52 ವಾರಗಳದ್ದು, ಅಂದರೆ 4,331 ಪೌಂಡ್ ಚಿಲ್ಲರೆ. ಹೆಚ್ಚು ಗಳಿಸಿದ್ದು ಬರೀ 108. ಇದು ತಿಳಿಯುವುದಾದರೂ ವರ್ಷ ಮುಗಿದು ಲೆಕ್ಕಪತ್ರ ಕೂಡಿಸಿದ ಮೇಲೆ, ಭತ್ಯೆಯ ಹಣ ಖರ್ಚಾಗಿಹೋದ ಮೇಲೆ. ಪಿಂಚಣಿಗೆ ಕಟ್ಟಿದ ಹಣದಲ್ಲಿ ಅರ್ಧವನ್ನು, ತಾವು ಕೆಲಸದಲ್ಲಿರುವಾಗ ಆರೈಕೆಗೆಂದು ಹೊರಗಿನವರಿಗೆ ಕೊಟ್ಟ ಕೂಲಿಯನ್ನು ಒಂದು ಮಿತಿಯೊಳಗೆ ಗಳಿಕೆಯಿಂದ ಕಳೆಯಲು ಅವಕಾಶವಿದೆ. ಅದನ್ನು ಬಲ್ಲವರು ಬಚಾವಾಗುತ್ತಾರೆ.

ವಿಚಿತ್ರವೆಂದರೆ, ಈ ಭತ್ಯೆ ಕೊಡುವ ಕೆಲಸ ಮತ್ತು ಪಿಂಚಣಿ ಇಲಾಖೆಯೇ ನಡೆಸುವ ಇನ್ನೊಂದು ಯೋಜನೆ ಇದೇ ಗಳಿಕೆಯನ್ನು ಬೇರೆಯೇ ರೀತಿಯಲ್ಲಿ ನೋಡುತ್ತದೆ. ಕಡಿಮೆ ವರಮಾನದ ದುಡಿಯುವ ಕುಟುಂಬಗಳಿಗೂ ಸಿಗುವ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಲೆಕ್ಕ ತಿಂಗಳಿನದು. ಗಳಿಕೆ ಒಂದು ಪೌಂಡ್ ಹೆಚ್ಚಿದರೆ ನೆರವು 55 ಪೆನ್ಸ್ ಇಳಿಯುತ್ತದೆ, ಅಷ್ಟೆ. ಆ 108 ಪೌಂಡಿಗೆ ಇಲ್ಲಿ ಕಡಿತ 59 ಪೌಂಡ್ ಚಿಲ್ಲರೆ. ಸ್ವಂತ ಕಸುಬಿನವರು ಒಂದು ವರ್ಷದ ನಂತರ ಇಂತಿಷ್ಟು ಗಳಿಸಿಯೇ ತೀರುತ್ತಾರೆ ಎಂದು ಊಹಿಸಿಕೊಳ್ಳುವ ನಿಯಮವೂ ಅಲ್ಲಿದೆ. ಆದರೆ 35 ಗಂಟೆ ಆರೈಕೆ ಮಾಡುವವರಿಗೆ ಅದರಿಂದ ವಿನಾಯಿತಿ. ಇವರ ಸಮಯ ಇವರ ಕೈಯಲ್ಲಿಲ್ಲ ಎಂಬುದನ್ನು ಇಲಾಖೆ ಅಲ್ಲಿ ಒಪ್ಪಿಕೊಂಡಂತಾಯಿತು. ಎರಡನ್ನೂ ಪಡೆಯುವವರಿಗೆ ಕೇರರ್ಸ್ ಅಲವೆನ್ಸ್ ಅಷ್ಟೂ ಯೂನಿವರ್ಸಲ್ ಕ್ರೆಡಿಟ್‌ನಿಂದ ವಜಾ ಆಗುತ್ತದೆ. ಆರೈಕೆಯ ಲೆಕ್ಕದಲ್ಲಿ ನಿಜವಾಗಿ ಸೇರುವುದು ತಿಂಗಳಿಗೆ 201.68 ಪೌಂಡ್ (2025–26ರ ದರ). ಹಾಗಾಗಿ ವಾರದ ಮಿತಿಯ ಪೂರ್ತಿ ಹೊಡೆತ ಬೀಳುವುದು ಯೂನಿವರ್ಸಲ್ ಕ್ರೆಡಿಟ್‌ನ ಹೊರಗಿರುವವರಿಗೆ: ಸಂಗಾತಿಗೆ ಸಾಧಾರಣ ಸಂಬಳ ಇರುವವರು, 16,000 ಪೌಂಡಿಗಿಂತ ಹೆಚ್ಚು ಉಳಿತಾಯ ಮಾಡಿದವರು. (ಕೆಲಸದ ವೀಸಾದ ಮೇಲೆ ಹೋದ ಕನ್ನಡಿಗರಿಗೆ ಸಾಮಾನ್ಯವಾಗಿ ಈ ಎರಡು ನೆರವೂ ಸಿಗುವುದಿಲ್ಲ, ಕಾಯಂ ನೆಲೆಸುವ ಅನುಮತಿ ಪಡೆದವರಿಗೆ ಇದು ಮನೆಯ ಪ್ರಶ್ನೆಯೇ.)

ಈ ವ್ಯವಸ್ಥೆಯ ಫಲಿತಾಂಶ ಲೆಕ್ಕದ ಹಾಳೆಯಲ್ಲೇ ಉಳಿದಿಲ್ಲ. 2024ರ ಹೊತ್ತಿಗೆ, ಹೆಚ್ಚುವರಿಯಾಗಿ ಪಾವತಿಯಾದ ಭತ್ಯೆಯನ್ನು ಹಿಂದಿರುಗಿಸಬೇಕಾದವರು 1.3 ಲಕ್ಷಕ್ಕೂ ಹೆಚ್ಚು. ಒಟ್ಟು ಬಾಕಿ ಸುಮಾರು 25 ಕೋಟಿ ಪೌಂಡ್. ಸರ್ಕಾರವೇ ನೇಮಿಸಿದ ಲಿಜ್ ಸೇಸ್ ಅವರ ಸ್ವತಂತ್ರ ಪರಿಶೀಲನೆ 2025ರ ನವೆಂಬರಿನಲ್ಲಿ ಹೊರಬಂತು. ಮೂಲ ದೋಷ ವ್ಯವಸ್ಥೆಯದು, ಆರೈಕೆದಾರರ ಮೋಸವಲ್ಲ ಎಂದು ಅದು ಹೇಳಿತು. ಏರಿಳಿಯುವ ಗಳಿಕೆಯ ಸರಾಸರಿ ತೆಗೆಯಲು ಇಲಾಖೆ ತನ್ನ ಸಿಬ್ಬಂದಿಗೆ ಕೊಟ್ಟ ಸೂಚನೆಗಳೇ ವರ್ಷಗಟ್ಟಲೆ ತಪ್ಪಾಗಿದ್ದವು ಎಂದು ಗೊತ್ತಾಗಿ, ಹಳೆಯ ಪ್ರಕರಣಗಳನ್ನು ಮರುಪರಿಶೀಲಿಸಲು ಸರ್ಕಾರ ಒಪ್ಪಿತು. ಸಂಬಳದಾರರ ವರಮಾನದ ಮಾಹಿತಿ ತೆರಿಗೆ ಇಲಾಖೆಯಿಂದ ಆಗಿಂದಾಗ್ಗೆ ಬರುತ್ತಿದ್ದಾಗಲೇ ಇಷ್ಟು ಎಡವಟ್ಟು. ಸ್ವಂತ ಕಸುಬಿನವರದು ವರ್ಷಕ್ಕೊಮ್ಮೆ ಸಲ್ಲಿಸುವ ವಿವರ.

ಮಿತಿಯನ್ನು 2025ರ ಏಪ್ರಿಲ್‌ನಲ್ಲಿ 151ರಿಂದ 196ಕ್ಕೆ ಏರಿಸಿ, ಕನಿಷ್ಠ ವೇತನದ 16 ಗಂಟೆಗಳಿಗೆ ತಳಕು ಹಾಕಲಾಯಿತು. 1976ರಲ್ಲಿ ಭತ್ಯೆ ಶುರುವಾದಂದಿನಿಂದ ಇದೇ ದೊಡ್ಡ ಏರಿಕೆ. ಸ್ವಾಗತಾರ್ಹ, ಸರಿ. ಆದರೆ ಗಂಟೆಯ ಕೂಲಿ ಎಂಬುದೇ ಇಲ್ಲದವರಿಗೆ ಈ 16 ಗಂಟೆಯ ಲೆಕ್ಕ ಅನ್ವಯಿಸುವುದು ಹೇಗೆ? ಪ್ರಪಾತ 45 ಪೌಂಡ್ ಆಚೆಗೆ ಸರಿಯಿತು, ಆಳ ಅಷ್ಟೇ ಇದೆ. ಬೇಕಾದದ್ದು ಯೂನಿವರ್ಸಲ್ ಕ್ರೆಡಿಟ್‌ನಂತೆ ಇಳಿಜಾರಿನ ಕಡಿತ, ಅದರ ಜೊತೆಗೆ ವಾರ್ಷಿಕ ತಾಳೆ.

ಇದಕ್ಕೆ ಮೊದಲ ಆಕ್ಷೇಪ ಹಣದ್ದು. 55 ಪೆನ್ಸ್ ಲೆಕ್ಕದಲ್ಲಿ ಕಡಿತ ಮಾಡಿದರೆ, 2025–26ರ ದರದಲ್ಲಿ ವಾರಕ್ಕೆ ಸುಮಾರು 347 ಪೌಂಡ್ ಗಳಿಸುವವರೆಗೂ ಏನಾದರೂ ಸಿಗುತ್ತಿರುತ್ತದೆ. ಈಗ ಹೊರಗಿರುವ ಎಷ್ಟೋ ಜನ ಒಳಗೆ ಬರುತ್ತಾರೆ. ಖರ್ಚು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಇರುವ ಹಣ ಸೀಮಿತವಾದರೆ ಮುಂದಿನ ಮಿತಿ ಏರಿಕೆಯನ್ನು ತಡೆಹಿಡಿದು ಆ ಹಣವನ್ನು ಇಳಿಜಾರಿಗೆ ಹಾಕುವುದು ಮೇಲು ಎನ್ನುತ್ತೇನೆ. ಎರಡನೆಯದು: ಅಷ್ಟು ದುಡಿಯುವವರು 35 ಗಂಟೆ ಆರೈಕೆ ಮಾಡುವುದುಂಟೇ? ರಾತ್ರಿ ಎದ್ದು ಮಗ್ಗುಲು ಬದಲಿಸುವುದು, ಮನೆಯಲ್ಲೇ ಹೊಲಿಗೆ ಯಂತ್ರದ ಪಕ್ಕದಲ್ಲಿ ರೋಗಿಯನ್ನು ಕೂರಿಸಿಕೊಳ್ಳುವುದು ಕಚೇರಿಯ ವೇಳಾಪಟ್ಟಿಗೆ ಸಿಗುವುದಿಲ್ಲ. ಆರೈಕೆ ಮತ್ತು ಗಳಿಕೆ ಜೊತೆಗಿರಲಾರವು ಎಂಬ ಈ ಶಂಕೆ ಹಳೆಯದು. ವಿವಾಹಿತ ಮಹಿಳೆಯರನ್ನು ಹೇಗೂ ಮನೆಯಲ್ಲಿರುವವರೆಂದು 1986ರವರೆಗೆ ಹೊರಗಿಟ್ಟಿದ್ದೂ ಇದೇ ಭತ್ಯೆಯಿಂದ.

ಸ್ವಂತ ಕಸುಬಿನವರು ಖರ್ಚು ತೋರಿಸಿ ಲಾಭ ಮುಚ್ಚಿಡುತ್ತಾರೆ ಎಂಬ ಮೂರನೆಯ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಆದರೆ ಗಮನಿಸಿ, ಲಾಭವನ್ನು ಮಿತಿಯ ಕೆಳಗೆ ತುರುಕಲು ಈಗಿರುವ ಆಮಿಷ ನಾಲ್ಕು ಸಾವಿರ ಪೌಂಡಿನದು. ಇಳಿಜಾರಿನಲ್ಲಿ ಅದು ಮುಚ್ಚಿಟ್ಟ ಪ್ರತಿ ಪೌಂಡಿಗೆ 55 ಪೆನ್ಸ್‌ಗೆ ಕುಗ್ಗುತ್ತದೆ. ಹೊಸ ವ್ಯವಸ್ಥೆಗೆ ಕಾನೂನು ಬೇಕು, ಕಂಪ್ಯೂಟರ್ ಬದಲಾವಣೆ ಬೇಕು, ವರ್ಷಗಳು ಹಿಡಿಯುತ್ತವೆ. ಮೂರು ತಿಂಗಳಿಗೊಮ್ಮೆ ಸ್ವಂತ ಕಸುಬಿನವರ ಲೆಕ್ಕ ಕೇಳಿ, ‘ಈ ವರ್ಷ ನಿಮಗೆ ಉಳಿದಿರುವ ಮಿತಿ ಇಷ್ಟು’ ಎಂದು ಲಿಖಿತವಾಗಿ ತಿಳಿಸುವುದಕ್ಕೆ ಅಷ್ಟು ಕಾಯಬೇಕಿಲ್ಲ. ಆ ಪತ್ರವನ್ನು ನಂಬಿ ನಡೆದವರಿಂದ ಆಮೇಲೆ ವಸೂಲಿ ಮಾಡುವುದಿಲ್ಲ ಎಂಬ ಒಂದು ಸಾಲೂ ಅದರಲ್ಲಿರಲಿ.