ನೋಟು ಕೊಟ್ಟ ಮತದಾರ, ನೋಟು ಪಡೆಯುವ ಮತದಾರ

ಕರ್ನಾಟಕದಲ್ಲಿ ಚುನಾವಣೆ ಸಮೀಪಿಸಿದಾಗಲೆಲ್ಲ ಊರೂರುಗಳಲ್ಲಿ ನಡೆಯುವ ಮೊದಲ ಚರ್ಚೆ ಅಭ್ಯರ್ಥಿಯ ಯೋಗ್ಯತೆಯದ್ದಲ್ಲ, ಅವನ ಖರ್ಚು ಮಾಡುವ ಸಾಮರ್ಥ್ಯದ್ದು. ಟಿಕೆಟ್ ಹಂಚುವ ಪಕ್ಷಗಳೂ ಮೊದಲು ನೋಡುವುದು ಇದನ್ನೇ. 2023ರ ಮೇ 10ರಂದು ನಡೆದ ವಿಧಾನಸಭಾ ಚುನಾವಣೆಯ ಸಂದರ್ಭದಲ್ಲಿ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಮಾದಕ ವಸ್ತು, ಚಿನ್ನ-ಬೆಳ್ಳಿ ಹಾಗೂ ಉಡುಗೊರೆ ವಸ್ತುಗಳ ಒಟ್ಟು ಮೌಲ್ಯ ಸುಮಾರು 375 ಕೋಟಿ ರೂಪಾಯಿ ಎಂದು ಚುನಾವಣಾ ಆಯೋಗ ಪ್ರಕಟಿಸಿತು. 2018ರಲ್ಲಿ ಈ ಮೊತ್ತ ಸುಮಾರು 84 ಕೋಟಿಯಷ್ಟಿತ್ತು. ಸಿಕ್ಕಿಬಿದ್ದದ್ದೇ ಇಷ್ಟಾದರೆ, ಯಾರ ಕಣ್ಣಿಗೂ ಬೀಳದೆ ಮತದಾರರ ಮನೆ ಬಾಗಿಲು ತಲುಪಿದ್ದೆಷ್ಟು?

ಅದೇ ವರ್ಷದ ಮಾರ್ಚ್ 14ಕ್ಕೆ ಶಾಂತವೇರಿ ಗೋಪಾಲಗೌಡರು ಹುಟ್ಟಿ ನೂರು ವರ್ಷ ತುಂಬಿತ್ತು. ಈ ಸಮಾಜವಾದಿ ನಾಯಕನ ಹೆಸರನ್ನು ಗೌರವದಿಂದ ಸ್ಮರಿಸದ ಪಕ್ಷ ರಾಜ್ಯದಲ್ಲಿ ಇಲ್ಲವೆಂದೇ ಹೇಳಬೇಕು. ಆದರೆ ಅವರು ಚುನಾವಣೆ ಎದುರಿಸಿದ ರೀತಿಯನ್ನು ಅನುಸರಿಸುವ ಪಕ್ಷವೂ ಇಲ್ಲ. ಸ್ಮರಣೆಗೆ ಹಾರ-ತುರಾಯಿ ಸಾಕು, ಅನುಸರಣೆಗೆ ತ್ಯಾಗ ಬೇಕು. ಒಬ್ಬ ಶಾಸಕನ ಚುನಾವಣಾ ಇತಿಹಾಸವನ್ನು ನಾವು ಇಲ್ಲಿ ನೆನಪಿಸುತ್ತಿರುವುದು ಅವರನ್ನು ಹೊಗಳುವುದಕ್ಕಾಗಿ ಅಲ್ಲ. ಶಾಸಕನ ನಾಲಗೆ ಯಾರ ಸ್ವತ್ತು ಎಂಬ ಪ್ರಶ್ನೆಗೆ ಆ ಇತಿಹಾಸದಲ್ಲಿ ಸ್ಪಷ್ಟ ಉತ್ತರವಿದೆ ಎಂಬ ಕಾರಣಕ್ಕಾಗಿ.

ಕಾಗೋಡಿನಿಂದ ವಿಧಾನಸಭೆಗೆ

ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ 1923ರಲ್ಲಿ ಜನಿಸಿದ ಗೋಪಾಲಗೌಡರು 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಸೆರೆವಾಸ ಕಂಡವರು. ಆದರೆ ಅವರನ್ನು ಜನನಾಯಕನನ್ನಾಗಿ ರೂಪಿಸಿದ್ದು 1951ರ ಕಾಗೋಡು ಸತ್ಯಾಗ್ರಹ. ಸಾಗರ ತಾಲೂಕಿನ ಈ ಪುಟ್ಟ ಗ್ರಾಮದಲ್ಲಿ ಗೇಣಿದಾರರು ಎತ್ತಿದ ಪ್ರಶ್ನೆ ಮೇಲ್ನೋಟಕ್ಕೆ ಅತ್ಯಂತ ಸಣ್ಣದು. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು? ಒಡೆಯರ ಅಂಗಳದಲ್ಲಿ ಅಳತೆಗೆ ಬಳಕೆಯಾಗುತ್ತಿದ್ದ ಕೊಳಗ ನಿಗದಿತ ಪ್ರಮಾಣಕ್ಕಿಂತ ದೊಡ್ಡದಾಗಿತ್ತು. ಕೊಟ್ಟ ಗೇಣಿಗೆ ರಸೀದಿಯೂ ಇರುತ್ತಿರಲಿಲ್ಲ. ಸರಿಯಾದ ಅಳತೆ ಮತ್ತು ರಸೀದಿಯನ್ನು ಕೇಳಿದ್ದಕ್ಕಾಗಿ ತಲೆಮಾರುಗಳಿಂದ ಉಳುತ್ತಿದ್ದ ಹೊಲಗಳಿಂದಲೇ ರೈತರನ್ನು ಹೊರಹಾಕಲಾಯಿತು.

ರೈತ ಸಂಘಟಕ ಎಚ್. ಗಣಪತಿಯಪ್ಪನವರು ಕಟ್ಟಿದ ಈ ಹೋರಾಟಕ್ಕೆ ಸಮಾಜವಾದಿ ಪಕ್ಷ ಹೆಗಲು ಕೊಟ್ಟಿತು. ಸತ್ಯಾಗ್ರಹಿಗಳು ನೇಗಿಲು ಹಿಡಿದು ಹೊಲಕ್ಕಿಳಿಯುವುದು, ಪೊಲೀಸರು ಬಂಧಿಸಿ ಒಯ್ಯುವುದು ಅಂದಿನ ನಿತ್ಯದ ದೃಶ್ಯವಾಗಿತ್ತು. ಆ ವರ್ಷದ ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಮಲೆನಾಡಿನ ಹಳ್ಳಿಯೊಂದರ ಕೊಳಗದ ಜಗಳ ಇಡೀ ದೇಶದ ಗಮನ ಸೆಳೆಯಿತು. ಹೋರಾಟದ ಮುಂಚೂಣಿಯಲ್ಲಿದ್ದವರಲ್ಲಿ ಯುವಕ ಗೋಪಾಲಗೌಡರೂ ಒಬ್ಬರು.

ಇದಾಗಿ ಕೆಲವೇ ತಿಂಗಳಲ್ಲಿ ದೇಶದ ಪ್ರಥಮ ಮಹಾಚುನಾವಣೆ ಬಂತು. ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ನಿಂತ ಗೋಪಾಲಗೌಡರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಎದುರಾಳಿ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ. ಮುಂದೆ ರಾಜ್ಯದ ಶಿಕ್ಷಣ ಸಚಿವರೂ ಆದ ಗಣ್ಯ ಮುಖಂಡ. ಸ್ವಾತಂತ್ರ್ಯ ತಂದುಕೊಟ್ಟ ಪಕ್ಷವೆಂಬ ಪ್ರಭಾವಳಿ ಕಾಂಗ್ರೆಸ್ಸಿಗಿದ್ದ ಕಾಲವದು. ಅದರ ವಿರುದ್ಧ ಸ್ಪರ್ಧಿಸಿದ ಈ ಯುವಕನ ಕೈಯಲ್ಲಿ ಹಣವಿರಲಿಲ್ಲ. ಆಗ ಹುಟ್ಟಿದ್ದೇ ‘ಒಂದು ವೋಟು, ಒಂದು ನೋಟು’ ಎಂಬ ಕರೆ. ಮತ ಕೊಡುವವರು ಜೊತೆಗೊಂದು ರೂಪಾಯಿಯ ನೋಟನ್ನೂ ಕೊಡಬೇಕು. ಗೇಣಿದಾರರು, ಕೂಲಿಕಾರರು, ಸಣ್ಣ ಅಂಗಡಿಯವರು ಕೊಟ್ಟರು. ಗೋಪಾಲಗೌಡರು ಗೆದ್ದರು.

ಕೊಳಗದ ಅಳತೆಯಲ್ಲಿ ಒಂದೊಂದು ಹಿಡಿ ಭತ್ತಕ್ಕಾಗಿ ಹೋರಾಡುತ್ತಿದ್ದವರು ತಮ್ಮ ಗಂಟಿನಿಂದ ಒಂದು ರೂಪಾಯಿ ಬಿಚ್ಚಿಕೊಟ್ಟರು ಎಂಬುದರ ಅರ್ಥವೇನೆಂದು ಓದುಗರು ಒಂದು ಕ್ಷಣ ಆಲೋಚಿಸಬೇಕು. ಅಂದಿನ ಒಂದು ರೂಪಾಯಿ ಇಂದಿನ ಒಂದು ರೂಪಾಯಿಯಲ್ಲ. ಅದನ್ನು ಕೊಟ್ಟವನು ಚುನಾವಣೆಯ ಪ್ರೇಕ್ಷಕನಾಗಿ ಉಳಿಯಲಿಲ್ಲ, ಪಾಲುದಾರನಾದ. ಪಾಲುದಾರನಿಗೆ ಲೆಕ್ಕ ಕೇಳುವ ಹಕ್ಕಿರುತ್ತದೆ. ಗೆದ್ದವನಿಗೂ ಋಣವಿತ್ತು. ಆದರೆ ಅದು ಯಾವ ಗುತ್ತಿಗೆದಾರನದ್ದೂ ಅಲ್ಲ, ಯಾವ ಭೂಮಾಲಿಕನದ್ದೂ ಅಲ್ಲ, ಸಾವಿರಾರು ಬಡವರದ್ದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕಾಗೋಡಿನ ಗೇಣಿದಾರರಲ್ಲಿ ಬಹುತೇಕರು ದೀವರು. ಗೋಪಾಲಗೌಡರು ಹುಟ್ಟಿನಿಂದ ಒಕ್ಕಲಿಗರು. ಇಂದಿನ ಚುನಾವಣಾ ಪಂಡಿತರ ಜಾತಿ ಲೆಕ್ಕಾಚಾರದಲ್ಲಿ ಈ ಕೂಡುವಿಕೆಗೆ ಸ್ಥಾನವಿದೆಯೇ? ತಮ್ಮೊಂದಿಗೆ ಹೊಲಕ್ಕಿಳಿದವನು ಯಾರೆಂದು ಆ ರೈತರು ನೋಡಿದರು. ಅವನ ಜಾತಿ ಯಾವುದೆಂಬುದು ಅವನ ಆಯ್ಕೆಗೆ ಅಡ್ಡಿಯಾಗಲಿಲ್ಲ.

ಸೋತಾಗಲೂ ಬದಲಾಗದ ಪಕ್ಷ

1957ರಲ್ಲಿ ಗೋಪಾಲಗೌಡರು ಸೋತರು. ಪ್ರಾಮಾಣಿಕತೆ ಗೆಲುವಿನ ಖಾತರಿಯಲ್ಲ ಎಂಬ ಕಹಿ ಸತ್ಯವನ್ನು ಈ ಸೋಲು ನಮಗೆ ತಿಳಿಸುತ್ತದೆ. ಆದರೆ ಸೋತ ಶಾಸಕ ಮುಂದೇನು ಮಾಡಿದ ಎಂಬುದು ಗೆಲುವಿಗಿಂತಲೂ ಮುಖ್ಯವಾದ ಪ್ರಶ್ನೆ. ಅಂದು ಅಧಿಕಾರದಲ್ಲಿದ್ದುದು ಕಾಂಗ್ರೆಸ್. ಹೋರಾಟದ ಹಿನ್ನೆಲೆಯ, ಮಾತಿನ ಶಕ್ತಿಯ ತರುಣ ನಾಯಕನೊಬ್ಬ ಬಾಗಿಲು ತಟ್ಟಿದ್ದರೆ ಆಳುವ ಪಕ್ಷ ಒಳಗೆ ಕರೆದುಕೊಳ್ಳದೆ ಇರುತ್ತಿರಲಿಲ್ಲ. ಸಮಾಜವಾದಿಗಳ ನಡುವೆಯೂ ಆ ವೇಳೆಗೆ ಒಡಕು ಬಿದ್ದಿತ್ತು. ಪಕ್ಷ ಒಡೆಯಿತು, ಹೆಸರು ಬದಲಾಯಿತು, ಮತ್ತೆ ಕೂಡಿತು, ಮತ್ತೆ ಒಡೆಯಿತು. ಗೋಪಾಲಗೌಡರು ಲೋಹಿಯಾ ಅವರ ಹಾದಿಯನ್ನು ಬಿಡಲಿಲ್ಲ. ಐದು ವರ್ಷ ಅಧಿಕಾರವಿಲ್ಲದೆ, ಸ್ಥಾನವಿಲ್ಲದೆ ಜನರ ನಡುವೆ ಉಳಿದರು. 1962ರಲ್ಲಿ ಮಲೆನಾಡಿನಿಂದಲೇ ಮತ್ತೆ ಗೆದ್ದರು. 1967ರಲ್ಲಿ ಇನ್ನೊಮ್ಮೆ ಗೆದ್ದರು.

ಇದನ್ನು ನಮ್ಮ ಕಾಲದ ಒಂದು ಘಟನೆಯೊಂದಿಗೆ ಹೋಲಿಸೋಣ. 2019ರಲ್ಲಿ ಆಡಳಿತ ಪಕ್ಷಗಳ ಶಾಸಕರು ಸಾಲುಸಾಲಾಗಿ ರಾಜೀನಾಮೆಗೆ ಮುಂದಾದರು. ಜುಲೈ 23ರಂದು ಸಮ್ಮಿಶ್ರ ಸರಕಾರ ವಿಶ್ವಾಸಮತ ಕಳೆದುಕೊಂಡಿತು. ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅನರ್ಹತೆಯನ್ನು ಎತ್ತಿಹಿಡಿಯಿತಾದರೂ ಮತ್ತೆ ಸ್ಪರ್ಧಿಸಲು ಅವರಿಗಿದ್ದ ಅಡ್ಡಿಯನ್ನು ತೆಗೆದುಹಾಕಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ 15 ಸ್ಥಾನಗಳ ಪೈಕಿ 12ನ್ನು ಹೊಸ ಆಡಳಿತ ಪಕ್ಷ ಗೆದ್ದುಕೊಂಡಿತು. ಒಂದು ಪಕ್ಷದ ಚಿಹ್ನೆಯಲ್ಲಿ ಮತ ಪಡೆದವರು ಸುಮಾರು ಒಂದೂವರೆ ವರ್ಷದಲ್ಲೇ ಇನ್ನೊಂದು ಪಕ್ಷದ ಚಿಹ್ನೆ ಹಿಡಿದು ಬಂದರೂ ಮತದಾರ ಅವರಲ್ಲಿ ಹೆಚ್ಚಿನವರನ್ನು ಮರಳಿ ಕಳಿಸಿದ! 1985ರಿಂದ ಜಾರಿಯಲ್ಲಿರುವ ಪಕ್ಷಾಂತರ ನಿಷೇಧ ಕಾನೂನು ತಡೆಯಲಾಗದ್ದನ್ನು ಮತದಾರ ತಡೆಯಬಹುದಿತ್ತು. ಅವನು ತಡೆಯಲಿಲ್ಲ. ಗೋಪಾಲಗೌಡರ ಕಾಲದಲ್ಲಿ ಅಂತಹ ಕಾನೂನೇ ಇರಲಿಲ್ಲ. ಅವರನ್ನು ಪಕ್ಷದಲ್ಲಿ ಹಿಡಿದಿಟ್ಟಿದ್ದು ಅವರ ಆತ್ಮಸಾಕ್ಷಿ ಮಾತ್ರ.

ವಿರೋಧ ಪಕ್ಷದ ಕುರ್ಚಿಯಿಂದ ಸಾಧಿಸಿದ್ದೇನು?

ಮೂರು ಬಾರಿ ಗೆದ್ದು ಸುಮಾರು ಹದಿನಾಲ್ಕು ವರ್ಷ ಶಾಸಕರಾಗಿದ್ದ ಗೋಪಾಲಗೌಡರು ಒಂದು ದಿನವೂ ಸಚಿವರಾಗಲಿಲ್ಲ. ಹಾಗಾದರೆ ಅವರಿಂದ ಜನರಿಗೆ ದೊರೆತದ್ದೇನು ಎಂದು ಕೇಳುವವರಿದ್ದಾರೆ. ಶಾಸಕನೆಂದರೆ ರಸ್ತೆ, ಚರಂಡಿ, ಸಮುದಾಯ ಭವನಗಳಿಗೆ ಅನುದಾನ ತರುವ ದಲ್ಲಾಳಿ ಎಂದು ನಾವು ಒಪ್ಪಿಕೊಂಡುಬಿಟ್ಟಿರುವುದರಿಂದಲೇ ಈ ಪ್ರಶ್ನೆ ಹುಟ್ಟುತ್ತದೆ. ಸಂವಿಧಾನ ಶಾಸಕನಿಗೆ ವಹಿಸಿರುವುದು ಶಾಸನ ಮಾಡುವ ಕೆಲಸವನ್ನು, ಸರಕಾರವನ್ನು ಪ್ರಶ್ನಿಸುವ ಕೆಲಸವನ್ನು.

ಗೋಪಾಲಗೌಡರು ಸದನದಲ್ಲಿ ಮಾಡಿದ್ದು ಇದನ್ನೇ. ಉಳುವವನಿಗೆ ಭೂಮಿ ಸಿಗಬೇಕು, ಜನರ ಆಡಳಿತ ಜನರ ಭಾಷೆಯಾದ ಕನ್ನಡದಲ್ಲಿ ನಡೆಯಬೇಕು ಎಂಬ ಎರಡು ಬೇಡಿಕೆಗಳನ್ನು ಅವರು ಬಿಡದೆ ಮಂಡಿಸಿದರು. ಅವರ ಸಿಟ್ಟು ಪ್ರಸಿದ್ಧವಾಗಿತ್ತು. ಸದನದ ಶಿಷ್ಟಾಚಾರವನ್ನು ಅವರು ಕೆಲವೊಮ್ಮೆ ಮೀರಿದ್ದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಸಿಟ್ಟು ತನಗೆ ಸ್ಥಾನ ಸಿಗಲಿಲ್ಲವೆಂಬ ಸಿಟ್ಟಾಗಿರಲಿಲ್ಲ.

ಅವರ ಆಗ್ರಹಗಳು ಕಾನೂನಾದದ್ದು ಎದುರು ಪಕ್ಷದ ಕೈಯಿಂದ. 1952ರ ಅದೇ ಚುನಾವಣೆಯಲ್ಲಿ ಹುಣಸೂರಿನಿಂದ ಗೆದ್ದು ಬಂದಿದ್ದ ಡಿ. ದೇವರಾಜ ಅರಸು 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು. ದೀರ್ಘಕಾಲದ ಅನಾರೋಗ್ಯದಿಂದ ಬಳಲಿದ್ದ ಗೋಪಾಲಗೌಡರು ಅದೇ ವರ್ಷದ ಜೂನ್ 9ರಂದು ತಮ್ಮ 49ನೆಯ ವಯಸ್ಸಿನಲ್ಲಿ ನಿಧನರಾದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾಯಿತು. 1974ರ ಮಾರ್ಚ್ 1ರಿಂದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು, ಭೂ ನ್ಯಾಯಮಂಡಳಿಗಳು ರಚನೆಯಾದವು. ಕಾಗೋಡಿನ ಅಂಗಳದಲ್ಲಿ ಕೊಳಗದ ಮುಂದೆ ನಿಂತು ಪ್ರಶ್ನೆ ಕೇಳಿದವರ ಮಕ್ಕಳು ಭೂಮಿಯ ಒಡೆಯರಾದರು. ಜಾತಿ-ಧರ್ಮಗಳ ಭೇದವಿಲ್ಲದೆ ರಾಜ್ಯದ ಅಸಂಖ್ಯ ಬಡ ಒಕ್ಕಲುಗಳು, ಕರಾವಳಿ ಮತ್ತು ಮಲೆನಾಡಿನ ಮುಸ್ಲಿಮ್ ಗೇಣಿದಾರರೂ ಸೇರಿದಂತೆ, ಇದರ ಫಲ ಪಡೆದವು. ಕಾನೂನು ಮಾಡಿದ ಶ್ರೇಯಸ್ಸು ಅರಸು ಅವರಿಗೆ ಸಲ್ಲಬೇಕು. ಆದರೆ ಆ ಕಾನೂನು ಅನಿವಾರ್ಯವಾಗುವಂತೆ ವಾತಾವರಣ ನಿರ್ಮಿಸಿದವರಲ್ಲಿ ಅದನ್ನು ನೋಡಲು ಬದುಕುಳಿಯದ ಈ ವಿರೋಧ ಪಕ್ಷದ ಶಾಸಕರೂ ಇದ್ದರು. ಅವರ ಗರಡಿಯ ಪ್ರಭಾವದಲ್ಲಿ ಬೆಳೆದ ಎಸ್. ಬಂಗಾರಪ್ಪ ಮತ್ತು ಜೆ.ಎಚ್. ಪಟೇಲ್ ಮುಂದೆ ಮುಖ್ಯಮಂತ್ರಿಗಳಾದರು.

ಇಂತಹ ಮಾತನ್ನು ಗೋಪಾಲಗೌಡರು ಆಡಲು ಸಾಧ್ಯವಾದದ್ದು ಏಕೆ? ಭೂಮಾಲಿಕನ ಹಣದಿಂದ ಗೆದ್ದವನು ಭೂಸುಧಾರಣೆಯ ಪರವಾಗಿ ಮಾತಾಡಲಾರ. ಮದ್ಯದ ದೊರೆಯ ಹಣದಿಂದ ಗೆದ್ದವನು ಮದ್ಯಪಾನದ ವಿರುದ್ಧ ಮಾತಾಡಲಾರ. ಖಾಸಗಿ ಕಾಲೇಜಿನ ಮಾಲಿಕನೇ ಶಾಸಕನಾದರೆ ಶುಲ್ಕ ನಿಯಂತ್ರಣದ ಮಾತು ಯಾರ ಬಾಯಿಂದ ಬರಬೇಕು? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿಕೊಡಲಾಯಿತು. ರೈತರು ಬೀದಿಗಿಳಿದರು. ಆದರೆ ಸದನದೊಳಗೆ ಅವರ ಪರವಾಗಿ ಕೊನೆಯವರೆಗೂ ಹಟ ಹಿಡಿಯಬಲ್ಲ, ಭೂಮಿಯ ವ್ಯವಹಾರದೊಂದಿಗೆ ಸಂಬಂಧವಿಲ್ಲದ ಗೋಪಾಲಗೌಡರು ಎಷ್ಟು ಮಂದಿಯಿದ್ದರು?

ಹೊಣೆ ಯಾರದ್ದು?

ಕಾನೂನಿನ ಪ್ರಕಾರ ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿಯನ್ನು 2022ರಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಪಕ್ಷ ಮಾಡುವ ಖರ್ಚಿಗೆ ಮಿತಿಯಿಲ್ಲ. ಬೆಂಬಲಿಗರ ಹೆಸರಿನಲ್ಲಿ ಆಗುವ ಖರ್ಚಿಗೆ ಲೆಕ್ಕವಿಲ್ಲ. ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1974ರಲ್ಲಿ ತೀರ್ಪಿತ್ತಾಗ ಅದೇ ವರ್ಷ ಕಾನೂನನ್ನೇ ತಿದ್ದಿ ಆ ತೀರ್ಪನ್ನು ನಿಷ್ಫಲಗೊಳಿಸಲಾಯಿತು. ದಾನಿಗಳ ಹೆಸರನ್ನು ಮರೆಮಾಚುತ್ತಿದ್ದ ಚುನಾವಣಾ ಬಾಂಡ್‌ಗಳನ್ನು 2024ರ ಫೆಬ್ರವರಿಯಲ್ಲಿ ನ್ಯಾಯಾಲಯ ಅಸಾಂವಿಧಾನಿಕವೆಂದು ಸಾರಬೇಕಾಯಿತು. 2023ರಲ್ಲಿ ರಾಜ್ಯದಲ್ಲಿ ಆಯ್ಕೆಯಾದ ಶಾಸಕರಲ್ಲಿ ಶೇ. 97ರಷ್ಟು ಮಂದಿ ಕೋಟ್ಯಧಿಪತಿಗಳೆಂದು ಅವರ ಪ್ರಮಾಣಪತ್ರಗಳನ್ನು ಪರಿಶೀಲಿಸಿದ ಎಡಿಆರ್ ಸಂಸ್ಥೆ ತಿಳಿಸಿತು. ಶ್ರೀಮಂತನಾಗಿರುವುದು ಅಪರಾಧವಲ್ಲ. ಆದರೆ ಶ್ರೀಮಂತನಲ್ಲದವನು ವಿಧಾನಸೌಧದ ಮೆಟ್ಟಿಲು ಹತ್ತಲಾಗದ ಸ್ಥಿತಿಯನ್ನು ಪ್ರಜಾಪ್ರಭುತ್ವವೆಂದು ಕರೆಯಲು ಸಾಧ್ಯವೇ?

ರಾಜಕಾರಣಿಗಳನ್ನು ದೂಷಿಸಿ ಕೈ ತೊಳೆದುಕೊಳ್ಳುವುದು ಸುಲಭ. ಮತಕ್ಕಾಗಿ ಹಣ ಕೊಡುವವನನ್ನಷ್ಟೇ ಅಲ್ಲ, ಪಡೆಯುವವನನ್ನೂ ಕಾನೂನು ಅಪರಾಧಿಯೆಂದೇ ಪರಿಗಣಿಸುತ್ತದೆ. ‘ನಮ್ಮದೇ ದುಡ್ಡು, ತೆಗೆದುಕೊಂಡು ಬೇಕಾದವರಿಗೆ ಮತ ಹಾಕೋಣ’ ಎಂಬ ಜಾಣತನದ ಮಾತು ನಮ್ಮ ನಡುವೆ ಚಾಲ್ತಿಯಲ್ಲಿದೆ. ಐದುನೂರೋ ಸಾವಿರವೋ ಪಡೆದ ಮರುಕ್ಷಣ ನಾವು ಪಾಲುದಾರರ ಸ್ಥಾನ ಕಳೆದುಕೊಂಡು ಮಾರಾಟದ ವಸ್ತುಗಳಾಗುತ್ತೇವೆ. ಕೊಂಡವನು ಲೆಕ್ಕ ಒಪ್ಪಿಸಬೇಕಾಗಿಲ್ಲ, ಅವನ ಬಾಕಿ ತೀರಿರುತ್ತದೆ.

ವ್ಯಕ್ತಿಗಳು ಮಾತ್ರವಲ್ಲ, ಸಮುದಾಯಗಳೂ ಈ ವ್ಯಾಪಾರಕ್ಕಿಳಿದಿವೆ. ಜಾತಿ ಸಂಘಗಳು, ಮಠಗಳು, ದೇವಾಲಯ ಸಮಿತಿಗಳು, ಜಮಾಅತ್‌ಗಳು ಚುನಾವಣೆಯ ಹೊತ್ತಿಗೆ ಅಭ್ಯರ್ಥಿಗಳ ಮುಂದೆ ಇಡುವ ಪಟ್ಟಿಯನ್ನು ನೋಡಿ: ಸಭಾಭವನ, ಆವರಣ ಗೋಡೆ, ಶಾಮಿಯಾನ, ಕುರ್ಚಿ. ತಮ್ಮ ಮಕ್ಕಳ ಶಿಕ್ಷಣದ ಕುರಿತು, ಉದ್ಯೋಗದ ಕುರಿತು, ನ್ಯಾಯದ ಕುರಿತು ಸದನದಲ್ಲಿ ಏನು ಮಾತಾಡುವಿರಿ ಎಂದು ಲಿಖಿತವಾಗಿ ಕೇಳಿದ ಸಂಸ್ಥೆಗಳೆಷ್ಟು? ‘ನಮ್ಮವನು’ ಎಂಬ ಒಂದೇ ಕಾರಣಕ್ಕೆ ಗೆಲ್ಲಿಸಿದವನು ಐದು ವರ್ಷ ಬಾಯಿ ತೆರೆಯದಿದ್ದಾಗ ನಾವು ಯಾರನ್ನು ದೂರಬೇಕು?

ಇಂದಿನ ಕಾಲದಲ್ಲಿ ಒಂದು ವೋಟು, ಒಂದು ನೋಟು ಕನಸಿನ ಮಾತೆಂದು ಹಲವರು ನಗಬಹುದು. 1952ರಲ್ಲೂ ನಕ್ಕವರಿದ್ದಿರಬಹುದು. ಕ್ಷೇತ್ರಗಳು ಬೆಳೆದಿವೆ, ಪ್ರಚಾರದ ಖರ್ಚು ಬೆಳೆದಿದೆ ಎಂಬುದು ನಿಜ. ಆದರೆ ದುಡಿಯುವ ಜನರ ಆದಾಯವೂ ಅಂದಿನ ಗೇಣಿದಾರನದ್ದರಷ್ಟು ಕನಿಷ್ಠವಾಗಿ ಉಳಿದಿಲ್ಲ. ಕೊರತೆಯಿರುವುದು ಹಣದ್ದಲ್ಲ, ವಿಶ್ವಾಸದ್ದು. ಆ ವಿಶ್ವಾಸವನ್ನು ಗೋಪಾಲಗೌಡರು ಚುನಾವಣೆಯ ಹದಿನೈದು ದಿನಗಳಲ್ಲಿ ಗಳಿಸಲಿಲ್ಲ, ಕಾಗೋಡಿನ ಹೊಲಗಳಲ್ಲಿ ಗಳಿಸಿದರು.

ಮುಂದಿನ ಬಾರಿ ಯಾರಾದರೂ ಲಕೋಟೆ ಹಿಡಿದು ಮನೆಗೆ ಬಂದಾಗ ಅದನ್ನು ಹಿಂತಿರುಗಿಸುವುದು ಮೊದಲ ಹೆಜ್ಜೆ. ಅಭ್ಯರ್ಥಿಯ ಪ್ರಮಾಣಪತ್ರವನ್ನು ಓದುವುದು, ಅವನ ಆಸ್ತಿ ಐದು ವರ್ಷಗಳಲ್ಲಿ ಎಷ್ಟು ಪಟ್ಟು ಬೆಳೆಯಿತೆಂದು ಕೇಳುವುದು ಎರಡನೆಯ ಹೆಜ್ಜೆ. ಪ್ರಾಮಾಣಿಕನೊಬ್ಬ ಕಣಕ್ಕಿಳಿದರೆ ನಮ್ಮ ಕಿಸೆಯಿಂದ ನೂರು ರೂಪಾಯಿ ಕೊಟ್ಟು ರಸೀದಿ ಪಡೆಯುವುದು ಮೂರನೆಯದು. ಕಾಗೋಡಿನ ರೈತರು ಹೋರಾಟ ಆರಂಭಿಸಿದ್ದೂ ರಸೀದಿ ಕೇಳಿಯೇ. ಕೊಟ್ಟದ್ದಕ್ಕೆ ರಸೀದಿ ಕೇಳುವ ಎದೆಗಾರಿಕೆ ಇರುವ ಜನರಿಗೆ ಮಾತ್ರ ಲೆಕ್ಕ ಒಪ್ಪಿಸುವ ಶಾಸಕ ದೊರೆಯುತ್ತಾನೆ.