ಇಲ್ಲದ ಬೆಟ್ಟ, ಇದ್ದ ಊರು

ಭೂಪಟಗಳಲ್ಲಿ ಎರಡು ಬಗೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ರಾಜಕೀಯ ಭೂಪಟ ಗಡಿಗಳನ್ನು ತೋರಿಸುತ್ತದೆ. ಪ್ರಾಕೃತಿಕ ಭೂಪಟ ಬೆಟ್ಟ, ನದಿ, ಮರುಭೂಮಿಗಳನ್ನು. ಮೊದಲನೆಯದರ ಬಗ್ಗೆ ಜಗಳವಾಡಬಹುದು, ಎರಡನೆಯದು ನಿಸರ್ಗವೇ ಬರೆದದ್ದು ಎಂಬುದು ನಮ್ಮೆಲ್ಲರ ನಂಬಿಕೆ. ಈ ನಂಬಿಕೆ ಎಷ್ಟು ಪೊಳ್ಳು ಎಂದು ತಿಳಿಯಬೇಕಾದವರು ಆಫ್ರಿಕಾದ ಹಳೆಯ ಭೂಪಟವೊಂದನ್ನು ನೋಡಬೇಕು.

1798ರಲ್ಲಿ ಇಂಗ್ಲೆಂಡಿನ ಜೇಮ್ಸ್ ರೆನೆಲ್ ಅದನ್ನು ರಚಿಸಿದ. ಮರುವರ್ಷ ಅದು ಮಂಗೋ ಪಾರ್ಕನ ಪ್ರವಾಸ ಗ್ರಂಥದೊಂದಿಗೆ ಅಚ್ಚಾಯಿತು. ಪಶ್ಚಿಮ ಆಫ್ರಿಕಾದ ಉದ್ದಕ್ಕೂ ಪೂರ್ವದ ಕಡೆಗೆ ಚಾಚಿದ ‘ಕಾಂಗ್ ಪರ್ವತ’ಗಳ ಭಾರೀ ಸಾಲು ಅದರಲ್ಲಿದೆ. ರೆನೆಲ್ ಆ ಒಳನಾಡಿಗೆ ಕಾಲಿಟ್ಟವನಲ್ಲ. ಪಾರ್ಕ್ ಕಂಡದ್ದೂ ಬಹುದೂರದ ಕೆಲವು ಬೆಟ್ಟಗಳನ್ನಷ್ಟೇ. ಅವು ಕಾಂಗ್ ಎಂಬ ದೊಡ್ಡ, ಬಲಶಾಲಿ ರಾಜ್ಯದಲ್ಲಿವೆ ಎಂದು ಸ್ಥಳೀಯರು ಅವನಿಗೆ ಹೇಳಿದ್ದರು. ಜನ ಹೇಳಿದ್ದು ರಾಜ್ಯದ ಹೆಸರು. ಭೂಪಟದಲ್ಲಿ ಮೂಡಿದ್ದು ಪರ್ವತ!

ಈ ಪರ್ವತ ರೆನೆಲ್‌ಗೆ ಏಕೆ ಬೇಕಿತ್ತು? ನೈಜರ್ ನದಿ ಪೂರ್ವಕ್ಕೆ ಹರಿಯುವುದನ್ನು ಪಾರ್ಕ್ 1796ರಲ್ಲಿ ಕಣ್ಣಾರೆ ಕಂಡಿದ್ದ. ಆ ನದಿ ಸಮುದ್ರ ಸೇರದೆ ಒಳನಾಡಿನಲ್ಲೇ ಇಂಗಿ ಆವಿಯಾಗುತ್ತದೆ ಎಂಬುದು ರೆನೆಲ್‌ನ ವಾದ. ಅದು ದಕ್ಷಿಣಕ್ಕೆ ತಿರುಗದಂತೆ ತಡೆಯಲು ಒಂದು ಗೋಡೆ ಬೇಕಿತ್ತು. 1830ರಲ್ಲಿ ಲ್ಯಾಂಡರ್ ಸಹೋದರರು ದೋಣಿಯಲ್ಲಿ ಹೋಗಿ, ನದಿ ಗಿನಿ ಕೊಲ್ಲಿಯನ್ನೇ ಸೇರುತ್ತದೆಂದು ತೋರಿಸಿದರು. ವಾದ ಬಿದ್ದುಹೋಯಿತು, ಗೋಡೆ ಮಾತ್ರ ಭೂಪಟಗಳಲ್ಲಿ ನಿಂತೇ ಇತ್ತು.

ಈ ರೆನೆಲ್ ನಮಗೆ ಅಪರಿಚಿತನಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ಸರ್ವೇಯರ್ ಜನರಲ್ ಆಗಿದ್ದವನು. ಟಿಪ್ಪುವಿನ ವಿರುದ್ಧ 1790-91ರಲ್ಲಿ ಇಂಗ್ಲಿಷ್ ಸೈನ್ಯ ನಡೆದ ದಾರಿಗಳನ್ನು ವಿವರಿಸಿ 1792ರಲ್ಲಿ ಪುಸ್ತಕ ತಂದವನೂ ಅವನೇ. ಬಂಗಾಳದಲ್ಲಿ ಅವನು ನೆಲ ಅಳೆದು ಬರೆದ. ಆಫ್ರಿಕಾದಲ್ಲಿ ಊಹಿಸಿ ಬರೆದ. ಅಳತೆಯಿಂದ ಬಂದ ಕೀರ್ತಿ ಊಹೆಗೂ ಪ್ರಮಾಣಪತ್ರವಾಯಿತು.

‘ತಪ್ಪು ಯಾರಿಂದಲೂ ಆಗುತ್ತದೆ, ನಿಮ್ಮವರು ಮಾಡಿಲ್ಲವೇ?’ ಎಂದು ಕೇಳುವವರಿದ್ದಾರೆ. ಮಾಡಿದ್ದಾರೆ. ಗ್ರಾನಡಾದ ಹಸನ್ ಅಲ್-ವಝ್ಝಾನ್, ಯುರೋಪಿಗೆ ಲಿಯೋ ಆಫ್ರಿಕಾನಸ್, ನೈಜರ್ ಪಶ್ಚಿಮಕ್ಕೆ ಹರಿಯುತ್ತದೆಂದು ಬರೆದ. 1352ರಲ್ಲಿ ಅದೇ ನದಿಯನ್ನು ಕಂಡ ಇಬ್ನ್ ಬತೂತಾ ಅದನ್ನು ನೈಲ್ ಎಂದುಕೊಂಡ. ನನ್ನ ತಕರಾರು ತಪ್ಪಾದುದರ ಬಗ್ಗೆ ಅಲ್ಲ. ಆ ದಾರಿಗಳಲ್ಲಿ ನಿತ್ಯವೂ ಸರಕು ಹೊತ್ತು ನಡೆಯುತ್ತಿದ್ದ ಜುಲಾ ವ್ಯಾಪಾರಿಗಳಿದ್ದರು. ಕಾಂಗ್ ಅವರ ವ್ಯಾಪಾರದ, ಇಸ್ಲಾಮಿ ವಿದ್ಯೆಯ ಕೇಂದ್ರವಾಗಿತ್ತು. ಹೀಗಿದ್ದೂ ಇಲ್ಲದ ಬೆಟ್ಟವನ್ನು ಅಳಿಸಲು ಯುರೋಪಿನವನೊಬ್ಬ ಹೋಗಿ ನೋಡಿಬರಬೇಕಾಯಿತು. 1888ರಲ್ಲಿ ಫ್ರೆಂಚ್ ಅಧಿಕಾರಿ ಬಿಂಜೆರ್ ಕಾಂಗ್ ಪಟ್ಟಣ ಹೊಕ್ಕ. ಪರ್ವತಸಾಲು ಎಲ್ಲಿಯೂ ಇರಲಿಲ್ಲ.

ಈ ತಿದ್ದುಪಡಿಯೂ ಪುಕ್ಕಟೆಯಾಗಿ ಬರಲಿಲ್ಲ. ಬಿಂಜೆರ್ ದಾರಿಯುದ್ದಕ್ಕೂ ಅಲ್ಲಿನ ದೊರೆಗಳೊಂದಿಗೆ ಫ್ರಾನ್ಸಿನ ಪರವಾಗಿ ಒಪ್ಪಂದ ಮಾಡಿಕೊಂಡ. 1893ರಲ್ಲಿ ಐವರಿ ಕೋಸ್ಟ್ ವಸಾಹತಿನ ಮೊದಲ ಗವರ್ನರ್ ಅವನೇ ಆದ. ಬೆಟ್ಟ ಬರೆದ ಭೂಪಟಕ್ಕೆ ಆ ಜನರ ಮಾತು ಬೇಕಿರಲಿಲ್ಲ. ಬೆಟ್ಟ ಅಳಿಸಿದ ಭೂಪಟಕ್ಕೆ ಅವರ ನೆಲವೇ ಬೇಕಾಯಿತು.

ಇಂದು ಇಂಥ ಭೂಪಟಗಳ ಪ್ರತಿಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ಏರಿಸುತ್ತಾರೆ. ಏರಿಸಲಿ. ಆದರೆ ಅದನ್ನು ಕೇವಲ ಚಂದದ ಚಿತ್ರವೆಂದು ಮಕ್ಕಳಿಗೆ ತೋರಿಸಬಾರದು. ಈ ಬೆಟ್ಟವನ್ನು ಕಂಡವರು ಯಾರು, ಹೇಳಿದವರು ಯಾರು, ಯಾರ ಮಾತನ್ನು ಕೈಬಿಡಲಾಯಿತು ಎಂದು ಕೇಳುವುದನ್ನು ಕಲಿಸಬೇಕು. ಆ ಪರ್ವತ ಈಗ ಯಾವ ಭೂಪಟದಲ್ಲೂ ಇರಬೇಕಿಲ್ಲ. ಕಾಂಗ್ ಊರು ಇದೆ. ಅಲ್ಲಿನ ಮಣ್ಣಿನ ಮಸೀದಿಯನ್ನು ಯುನೆಸ್ಕೋ 2021ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮ ಮಕ್ಕಳ ಅಟ್ಲಾಸ್‌ನಲ್ಲಿ ಆ ಊರಿಗೊಂದು ಚುಕ್ಕೆಯಾದರೂ ಇದೆಯೇ, ನೋಡಿ.